ಅರ್ಧ ಗಲ್ಲ ಕೊಟ್ಟು ಎಣಿಕೆ ಉಳಿಸಿಕೊಂಡದ್ದು

ಕರೆಂಟು ಹೊಡೆದರೆ ಹೇಗಿರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟು, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸಕ್ಕೆ ಕೂತವನು ನಾನು. ಕಮಲಾಪುರದ ಸುತ್ತಲಿನ ಬಾಳೆ ತೋಟಗಳಲ್ಲಿ ನೀರೆತ್ತುವ ಬೋರ್‌ವೆಲ್ ಮೋಟಾರುಗಳಲ್ಲಿ ಮುಕ್ಕಾಲು ಪಾಲು ಒಮ್ಮೆಯಾದರೂ ನನ್ನ ಅಂಗಡಿಯ ಕಟ್ಟೆ ಕಂಡಿವೆ. ಮೂವತ್ತೈದು ವರ್ಷಗಳಲ್ಲಿ ಎಷ್ಟು ಸಲ ಶಾಕ್ ತಿಂದಿದ್ದೇನೋ ಲೆಕ್ಕವಿಟ್ಟಿಲ್ಲ. ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ. ಗಿರಾಕಿ ಎದುರಿಗೆ ನಿಂತಿರುವಾಗ ಶಾಕ್ ಹೊಡೆದರೆ ಕೈ ಎಳೆದುಕೊಳ್ಳಬಾರದು, ಚೀರಬಾರದು. ಅವನು ‘ಏನಾಯ್ತ್ರಿ?’ ಎಂದು ಕೇಳಿದರೆ ‘ಏನೂ ಇಲ್ಲ’ ಎನ್ನಬೇಕು. ಕರೆಂಟಿಗೆ ಹೆದರುವವನ ಕೈಗೆ ಯಾರು ಮೋಟಾರು ಕೊಡುತ್ತಾರೆ? ನಾನು ಹಾಗೆಯೇ ಹೇಳುತ್ತ ಬಂದವನು, ಮನೆಯಲ್ಲೂ ಹೊರಗೂ.

ಹೀಗಾಗಿ ಒಂದು ಮುಂಜಾನೆ ಹಲ್ಲುಜ್ಜುತ್ತ ನಿಂತಾಗ ಬಲಗಡೆಯ ಕೆಳದವಡೆಯಲ್ಲಿ ಕರೆಂಟು ಹೊಡೆದಾಗ ಅದು ಕರೆಂಟೇ ಎಂದು ನನಗೆ ತಕ್ಷಣ ತಿಳಿಯಿತು. ಹಲ್ಲುನೋವು ಹಾಗಿರುವುದಿಲ್ಲ. ಹಲ್ಲು ಕುಟುಕುತ್ತದೆ, ಮಿಡಿಯುತ್ತದೆ, ರಾತ್ರಿಯೆಲ್ಲ ಜಗಳ ಮಾಡುತ್ತದೆ. ಇದು ಎರಡೇ ಸೆಕೆಂಡು, ತುಟಿಯ ಮೂಲೆಯಿಂದ ಕಿವಿಯ ತನಕ, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಸುಮ್ಮನಾಗುತ್ತದೆ. ಇಷ್ಟು ಗೊತ್ತಿದ್ದೂ ನಾನು ಹಲ್ಲಿನ ಡಾಕ್ಟರ ಹತ್ತಿರವೇ ಹೋದೆ. ಅವರು ಹಲ್ಲು ಬಡಿದು ನೋಡಿ, ‘ಹಲ್ಲು ಚಲೋ ಅವರಿ’ ಎಂದರು. ನಾನು ಕೇಳಲಿಲ್ಲ. ಕೀಳಿರಿ ಎಂದು ಹಟ ಹಿಡಿದು ಒಂದನ್ನು ಕೀಳಿಸಿದೆ, ತಿಂಗಳ ಮೇಲೆ ಬೇರೆಯವರ ಹತ್ತಿರ ಹೋಗಿ ಇನ್ನೊಂದನ್ನು ಕೀಳಿಸಿದೆ. ಎರಡು ಗಟ್ಟಿ ಹಲ್ಲು ಹೋದವು, ಕರೆಂಟು ಹೋಗಲಿಲ್ಲ.

ಆ ವರ್ಷ ನಾನು ಏನು ತಿಂದೆ, ಹೇಗೆ ಮಾತಾಡಿದೆ ಎಂಬುದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಎಡಗಡೆಯಿಂದ ನುಂಗುತ್ತಿದ್ದೆ. ಗಾಳಿ ತಾಗಿದರೆ ಹೊಡೆಯುತ್ತದೆಂದು ಬೇಸಿಗೆಯಲ್ಲೂ ಮುಖಕ್ಕೆ ಟವೆಲ್ ಸುತ್ತುತ್ತಿದ್ದೆ. ಬಲಗಲ್ಲದ ಮೇಲೆ ರೇಜರ್ ಆಡಿಸಲು ಧೈರ್ಯವಾಗದೆ ಎಡಗಡೆ ಮಾತ್ರ ಹೆರೆದುಕೊಳ್ಳುತ್ತಿದ್ದೆ. ಅರ್ಧ ಗಡ್ಡದ ಮುಖವನ್ನು ಟವೆಲ್ ಮುಚ್ಚುತ್ತದೆ ಎಂದು ನನ್ನ ಲೆಕ್ಕ. ನನ್ನ ಹೆಂಡತಿ ಒಂದು ದಿನ ಚಹಾ ಕೊಡುತ್ತ, ‘ಆ ಕಡಿ ಗಲ್ಲ ಯಾರಿಗಿ ಹರಕಿ ಬಿಟ್ಟೀರಿ?’ ಎಂದಳು. ‘ಏನೂ ಇಲ್ಲ’ ಎಂದೆ. ಅವಳು ಮತ್ತೆ ಕೇಳಲಿಲ್ಲ. ಮೂವತ್ತು ವರ್ಷ ನನ್ನ ಎದುರಿಗೆ ಕೂತು ತಂತಿ ಎಳೆದವಳು. ನನ್ನ ‘ಏನೂ ಇಲ್ಲ’ ಎಷ್ಟು ತೂಗುತ್ತದೆಂದು ಅವಳಿಗೆ ಗೊತ್ತು.

ತಂತಿ ಎಳೆಯುವುದೆಂದರೆ ಏನೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಬೋರ್‌ವೆಲ್ ಮೋಟಾರು ಉದ್ದನೆಯ ಕೊಳವೆಯಂತಿರುತ್ತದೆ. ಅದರ ಒಳಗೋಡೆಯ ಸೀಳುಗಳಲ್ಲಿ ತಾಮ್ರದ ತಂತಿಯನ್ನು ಕೈಯಿಂದಲೇ ಪೋಣಿಸಬೇಕು. ಈ ಬದಿಯಿಂದ ಒಬ್ಬರು ತೂರಿಸುವುದು, ಆ ಬದಿಯಿಂದ ಇನ್ನೊಬ್ಬರು ಎಳೆದು ತಿರುಗಿ ಕಳಿಸುವುದು. ಒಂದೊಂದು ಸೀಳಿಗೂ ಇಷ್ಟೇ ಸುತ್ತು ಎಂಬ ಎಣಿಕೆಯಿದೆ. ಒಂದು ಕಡೆ ನಾಲ್ಕು ಸುತ್ತು ಕಮ್ಮಿಯಾದರೆ ಮೋಟಾರು ತಿರುಗುತ್ತದೆ, ನೀರೂ ಎತ್ತುತ್ತದೆ, ಕೆಲವು ದಿನಗಳಲ್ಲಿ ಕಾದು ಸುಡುತ್ತದೆ. ಆದ್ದರಿಂದ ಎಣಿಸುವಾಗ ನಾನು ಯಾರೊಡನೆಯೂ ಮಾತಾಡುವುದಿಲ್ಲ. ಎಂಥ ದೊಡ್ಡ ಮನುಷ್ಯ ಬಂದು ನಿಂತರೂ ಕೈಸನ್ನೆ ಮಾಡಿ ಕೂರಿಸುತ್ತೇನೆ. ನನ್ನ ವಿದ್ಯೆಯೆಲ್ಲ ಆ ಎಣಿಕೆಯಲ್ಲೇ ಇದೆ.

ನನ್ನನ್ನು ಸರಿಯಾದ ದಾರಿಗೆ ಹಚ್ಚಿದವನು ಕಲಬುರಗಿಯ ಮೋಮಿನಪುರದಲ್ಲಿ ತಾಮ್ರದ ತಂತಿ ಮಾರುವ ಗೆಳೆಯ. ಅವನು ನನ್ನನ್ನು ಉಸ್ತಾದ್ ಎನ್ನುತ್ತಾನೆ, ನಾನು ಅವನನ್ನು ಭಾಯ್ ಎನ್ನುತ್ತೇನೆ. ಆ ದಿನ ತಂತಿಯ ಸುರುಳಿ ತೂಗಿಸುತ್ತಿದ್ದಾಗ ಕರೆಂಟು ಹೊಡೆಯಿತು. ನಾನು ತಕ್ಕಡಿಯ ಸರಪಳಿ ಹಿಡಿದು ಕಣ್ಣು ಮುಚ್ಚಿ ನಿಂತೆ.

‘ಕ್ಯಾ ಉಸ್ತಾದ್, ತಕ್ಕಡಿ ಮ್ಯಾಲ ನೀವೇ ಕೂಡ್ತೀರೇನು?’ ಎಂದವನು ನನ್ನ ಮುಖ ನೋಡಿ ನಗು ನಿಲ್ಲಿಸಿದ. ‘ಹಲ್ಲು ತೆಗಿಸಿದ್ರೂ ಹೋಗ್ಲಿಲ್ಲಾ?’

‘ಎರಡು ತೆಗಿಸೀನಿ.’

‘ಇನ್ನ ಮೂವತ್ತು ಅವ, ಸಬ್ ನಿಕಾಲ್ ದೋ, ಎಲ್ಲಾ ತೆಗಿಸಿಬಿಡ್ರಿ!’ ಎಂದು ಕೈಮುಗಿದ. ‘ನಮ್ ಆಪಾಗೂ ಹಿಂಗೇ ಇತ್ತು. ನೀರ್ ಕುಡೀಲಕ್ಕೂ ಅಳ್ತಿದ್ಲು. ಅದು ಹಲ್ಲಲ್ಲ, ನರ. ನರದ ಡಾಕ್ಟರಿಗಿ ತೋರಸ್ರಿ. ಇವತ್ತೇ ನಡೀರಿ, ಅಂಗಡಿ ಮುಚ್ತೀನಿ.’

ಅವನ ಆಪಾ ಎಂದರೆ ದೊಡ್ಡಕ್ಕ. ಅಂಗಡಿ ಮುಚ್ಚಿಯೇಬಿಟ್ಟ. ಆಟೋದಲ್ಲಿ ನನ್ನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ನರದ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯದೇ ಮಾತು. ನಾನು ಹೇಳುವುದಕ್ಕಿಂತ ಮೊದಲೇ ಅರ್ಧ ಗಡ್ಡ ನೋಡಿ, ‘ಈ ಗಡ್ಡನೇ ಅರ್ಧ ರಿಪೋರ್ಟ್ ಬರದದ’ ಎಂದರು. ಎಂಆರ್‌ಐ ಮಾಡಿಸಿದರು. ಮುಖದ ಸ್ಪರ್ಶ, ನೋವು ಮೆದುಳಿಗೆ ಒಯ್ಯುವ ನರ ಕೆಟ್ಟು ತಾನೇ ಕಿಡಿ ಹಾರಿಸುತ್ತಿದೆ, ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದರು. ಫಿಟ್ಸಿಗೆ ಕೊಡುವ ಗುಳಿಗೆಯನ್ನೇ ಬರೆದುಕೊಟ್ಟರು.

ಮೊದಲ ವಾರ ಸ್ವರ್ಗ. ಖಾರದ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದೆ. ಆದರೆ ನೋವು ಗುಳಿಗೆಗೆ ಪಳಗಿ ಮೆಲ್ಲಗೆ ತಲೆಯೆತ್ತಿತು. ಡೋಸು ಏರಿಸಿದರು, ಮತ್ತೆ ಏರಿಸಿದರು. ನೋವು ಅಡಗಿತು, ಅದರ ಸಂಗಡ ನಾನೂ ಅಡಗಿದೆ. ಎದ್ದು ನಿಂತರೆ ನೆಲ ಓಡುತ್ತಿತ್ತು. ಹಾಡುಹಗಲೇ ತೂಕಡಿಕೆ. ಇಪ್ಪತ್ತೆರಡು ಎಂದಮೇಲೆ ಇಪ್ಪತ್ತಮೂರೋ ಇಪ್ಪತ್ತೊಂದೋ ಎಂದು ಕೈ ನಿಲ್ಲುತ್ತಿತ್ತು.

‘ನಾ ಎಣಸ್ಲೇನು, ಜೋರಾಗಿ?’ ಎಂದಳು ಹೆಂಡತಿ ಒಮ್ಮೆ, ಮೋಟಾರಿನ ಆ ಬದಿಯಿಂದ.

‘ನಿನ್ನ ಕೆಲಸ ಎಳಿಯೋದು. ಎಳಿ.’

ಆ ಮೋಟಾರು ಬಾಳೆ ತೋಟದ ರೈತನೊಬ್ಬನದು. ಹನ್ನೊಂದನೇ ದಿನಕ್ಕೆ ಸುಟ್ಟಿತು. ಅವನು ಅದನ್ನು ಟ್ರ್ಯಾಕ್ಟರಿನಲ್ಲಿ ತಂದು ಅಂಗಡಿಯ ಮುಂದೆ ಇಳಿಸಿದಾಗ ನಾನು ಮುಖ ತಗ್ಗಿಸದೆ, ‘ವೋಲ್ಟೇಜ್ ಡೌನ್ ಆಗ್ಯಾದ’ ಎಂದುಬಿಟ್ಟೆ. ಅವನು ನಂಬಿ ಹೋದ. ಬಿಚ್ಚಿ ನೋಡಿದರೆ ಎರಡು ಸೀಳುಗಳಲ್ಲಿ ಸುತ್ತು ಕಮ್ಮಿ. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಐದು. ಸುಟ್ಟ ತಂತಿಯನ್ನು ಎಣಿಸಿ ಎಣಿಸಿ ನೆಲಕ್ಕಿಟ್ಟೆ. ಎದುರಿಗೆ ಕೂತಿದ್ದ ಹೆಂಡತಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಮರುದಿನ ಬಸ್ಸು ಕಾಯದೆ ನಡೆದೇ ಆ ತೋಟಕ್ಕೆ ಹೋದೆ. ರೈತ ಗೊನೆ ಕಡಿಸುತ್ತಿದ್ದ.

‘ವೋಲ್ಟೇಜ್ ಅಂದಿದ್ದು ಸುಳ್ಳು. ನಂದೇ ತಪ್ಪು. ಗುಳಿಗಿ ಗುಂಗಿನಾಗ ಎಣಿಕಿ ತಪ್ಪೀನಿ. ಮೋಟಾರ್ ಬ್ಯಾರೆಯವರ ಹಂತೇಕ ಒಯ್ಯಿ, ಅವರ ಕೂಲಿ ನಾ ಕೊಡ್ತೀನಿ.’

ಅವನು ಕುಡುಗೋಲು ಹೆಗಲಿಗಿಟ್ಟು ನನ್ನನ್ನೇ ನೋಡಿದ. ‘ಕಾಕಾ, ನಿಮಗ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಗುಳಿಗಿ ಬಿಡ್ರಿ, ಇಲ್ಲಂದ್ರ ಕೆಲಸ ಬಿಡ್ರಿ.’

ಸಿಟ್ಟು ಬಂತು. ಬರಬೇಕಾದದ್ದೇ. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಕೆಲಸ ಬಿಟ್ಟು ಕಟ್ಟೆಯ ಮೇಲೆ ಟವೆಲ್ ಸುತ್ತಿಕೊಂಡು ಕೂರುವ ಮನುಷ್ಯ ನಾನಲ್ಲ. ಗುಳಿಗೆ ಬಿಟ್ಟರೆ ಕರೆಂಟು, ಗುಳಿಗೆ ನುಂಗಿದರೆ ಮಂಕು. ಮೂರನೆಯ ದಾರಿ ಇದೆಯೋ ಇಲ್ಲವೋ ಕೇಳಲು ಮತ್ತೆ ಕಲಬುರಗಿಗೆ ಹೋದೆ.

‘ಅದ’ ಎಂದರು ಡಾಕ್ಟರು. ‘ತಲಿಬುರುಡಿ ತೆರಿಯೋ ಆಪರೇಷನ್ ಒಂದದ. ನಿಮ್ಮ ಎಂಆರ್‌ಐದಾಗ ನರಕ್ಕ ರಕ್ತನಾಳ ಒತ್ತಿದ್ದು ಕಾಣಂಗಿಲ್ಲ, ಹಂಗಾಗಿ ಅದರಿಂದ ಲಾಭ ಕಮ್ಮಿ. ಇನ್ನೊಂದು ಸೂಜಿದು. ಗಲ್ಲದಾಗಿಂದ ಸೂಜಿ ಹಾಕಿ, ಎಕ್ಸ್‌ರೇ ನೋಡ್ಕೋತ, ತಲಿಬುರುಡಿ ತಳದಾಗ ಒಂದು ಸಣ್ಣ ತೂತದ, ಅದರಾಗಿಂದ ನರದ ಗಂಟಿನ ತನಕ ಹೋಗ್ತೀವಿ. ಸೂಜಿ ತುದಿ ಅಷ್ಟೇ ಬಿಸಿ ಆಗ್ತದ. ನೋವು ಒಯ್ಯೋ ಎಳಿ ಸುಡ್ತೀವಿ.’

‘ಎಷ್ಟು ಡಿಗ್ರಿ, ಮೇಡಂ?’

ಅವರ ಪೆನ್ನು ನಿಂತಿತು. ‘ಯಾಕ್ರಿ?’

‘ನಾನೂ ಸುಡೋ ಪೈಕಿನೇರಿ. ಹಳೇ ತಂತಿ ಸುಟ್ಟೇ ತೆಗಿಯೋದು. ಉರಿ ಜಾಸ್ತಿ ಆದ್ರ ತಂತಿ ಸಂಗಟ ಮೋಟಾರಿನ ಮೈನೂ ಹೋಗ್ತದ.’

ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಎಪ್ಪತ್ತರ ಆಸುಪಾಸು, ಒಂದು ನಿಮಿಷದ ಲೆಕ್ಕ, ಸಾಲದಿದ್ದರೆ ಇನ್ನೊಮ್ಮೆ ಎಂದರು. ಮನೆಯ ಕರೆಂಟೇ ಎಂದು ಕೇಳಿದೆ. ಅಲ್ಲ, ರೇಡಿಯೋ ಅಲೆಯಷ್ಟು ವೇಗವಾಗಿ ಹಿಂದೆ ಮುಂದೆ ಓಡುವ ಕರೆಂಟು, ಅದಕ್ಕೇ ರೇಡಿಯೋಫ್ರೀಕ್ವೆನ್ಸಿ ಎನ್ನುತ್ತಾರೆ, ಶಾಕ್ ಹೊಡೆಯುವುದಿಲ್ಲ, ಬಿಸಿ ಮಾಡುತ್ತದೆ ಎಂದರು. ಅಷ್ಟು ವರ್ಷಗಳಲ್ಲಿ ಓದಿದವರೊಬ್ಬರು ನನಗೆ ಅವರ ಕೆಲಸವನ್ನು ನನ್ನ ಕೆಲಸದಂತೆ ಬಿಡಿಸಿ ಹೇಳಿದ್ದು ಅದೇ ಮೊದಲು.

ಕೊಡಬೇಕಾದ ಬೆಲೆಯನ್ನೂ ಅವರು ಮುಚ್ಚಿಡಲಿಲ್ಲ. ಗಲ್ಲ, ಕೆಳತುಟಿ, ಗದ್ದ ಮರಗಟ್ಟುತ್ತವೆ, ಅದು ಇನ್ನು ಹಾಗೇ ಇರಬಹುದು. ಅಗಿಯುವ ಬಲ ಆ ಕಡೆ ಕೆಲವು ದಿನ ಕಮ್ಮಿಯಾಗಬಹುದು. ಕಣ್ಣಿನ ಎಳೆಗೆ ಬಿಸಿ ತಾಗಿದರೆ ಕಣ್ಣಿಗೆ ಅಪಾಯ. ಇಷ್ಟಾಗಿಯೂ ಕೆಲವು ವರ್ಷಗಳ ಮೇಲೆ ನೋವು ತಿರುಗಿ ಬಂದವರಿದ್ದಾರೆ, ಬಂದರೆ ಮತ್ತೆ ಮಾಡಬಹುದು.

‘ಎಣಿಕಿ?’ ಎಂದೆ.

‘ಏನು?’

‘ನನ್ನ ಎಣಿಕಿ ತಿರುಗಿ ಬರ್ತದೇನ್ರಿ?’

‘ಗುಳಿಗಿ ಇಳಿಸಿದ್ರ ತಲಿ ಹಗುರಾಗ್ತದ. ಅಷ್ಟು ನಾ ಹೇಳ್ಬಲ್ಲೆ. ಎಣಿಸೋದು ನಿಮ್ಮ ಕೆಲಸ.’

ಅಲ್ಲಿಯೇ ಒಪ್ಪಿದೆ.

ಸೂಜಿ ಹಾಕಿಸಿಕೊಳ್ಳುವ ಹಿಂದಿನ ದಿನ ಕಲಬುರಗಿಯ ಕೋಟನೂರದಲ್ಲಿರುವ ಹೆಂಡತಿಯ ತಮ್ಮನ ಮನೆಗೆ ಬಂದಿಳಿದೆವು. ಅವನು ಕಚೇರಿಯಲ್ಲಿ ಕೆಲಸ ಮಾಡುವವನು, ಕಾಗದ ಪತ್ರ ಬಲ್ಲವನು. ಊಟಕ್ಕೆ ಕೂತಾಗ ಶುರು ಮಾಡಿದ.

‘ಮಾಮಾ, ತಲಿ ಒಳಗ ಸೂಜಿ ಚುಚ್ಚಿಸ್ಕೊಳ್ಳೋದು ಹುಡುಗಾಟಿಕಿ ಏನು? ನಾಳಿ ಬಾಯಿ ಸೊಟ್ಟ ಆದ್ರ? ನೀವ್ ಓದಿಲ್ಲ ಬರದಿಲ್ಲ, ಅವರು ಅಂದಿದ್ದಕ್ಕೆಲ್ಲ ಹ್ಞೂಂ ಅಂದು ಬಂದೀರಿ.’

‘ಓದಿಲ್ಲ, ಕೇಳೀನಿ. ನೀ ಓದೀದಿ. ನಿನ್ನ ಬೋರ್ ಮೋಟಾರ್ ಸುಟ್ಟಾಗ ಪುಸ್ತಕ ತೆಗೆದು ನೋಡಿದ್ದೇನು?’

ಹೆಂಡತಿ ಸೆರಗು ಬಾಯಿಗೊತ್ತಿ ನಕ್ಕಳು. ಅವನು ಅಕ್ಕನ ಕಡೆ ತಿರುಗಿ, ‘ನೀನೂ ಇವರ ಪಾರ್ಟಿನೇ ಏನವ್ವಾ’ ಎಂದು ಸುಮ್ಮನಾದ. ಆದರೆ ಅವನ ಮಾತು ನನ್ನೊಳಗೆ ಉಳಿಯಿತು. ಹೆದರಿಕೆಯಿರಲಿಲ್ಲ ಎಂದು ಬರೆದರೆ ಅದೂ ಒಂದು ವೋಲ್ಟೇಜಿನ ಕಥೆಯೇ ಆದೀತು.

ಆಸ್ಪತ್ರೆಯಲ್ಲಿ ಗಡ್ಡ ತೆಗೆಯಬೇಕೆಂದರು. ಇನ್ನೊಬ್ಬರು ನನ್ನ ಗಲ್ಲ ಮುಟ್ಟುವುದು ಬೇಡ, ರೇಜರ್ ಇತ್ತ ಕೊಡಿರಿ ಎಂದೆ. ಕನ್ನಡಿಯ ಮುಂದೆ ನಿಂತು ಬಲಗಲ್ಲ ನಾನೇ ಹೆರೆದೆ. ಮೂರು ಸಲ ಕರೆಂಟು ಹೊಡೆಯಿತು. ಮೂರು ಸಲವೂ ಕಣ್ಣಲ್ಲಿ ನೀರು ಬಂದರೂ ರೇಜರ್ ಕೆಳಗಿಡಲಿಲ್ಲ. ಇವತ್ತೇ ಕಡೆ, ಹೊಡಕೋ ಮಗನ, ಎಂದು ಕನ್ನಡಿಗೆ ಹೇಳಿದೆ.

ಒಳಗೆ ಮಲಗಿಸಿ ಸ್ವಲ್ಪ ಹೊತ್ತು ಮಂಪರು ಕೊಟ್ಟರು. ಎಚ್ಚರಾದಾಗ ಸೂಜಿ ಆಗಲೇ ಗಲ್ಲದ ಒಳಗಿತ್ತು. ಪಕ್ಕದಲ್ಲಿ ಪೆಟ್ಟಿಗೆಯಂಥ ಯಂತ್ರ, ಮೇಲೆ ಎಕ್ಸ್‌ರೇ ತೋಳು. ಡಾಕ್ಟರು ಮೊದಲೇ ತಿಳಿಸಿದ್ದರು: ಸುಡುವುದಕ್ಕೆ ಮುಂಚೆ ಸಣ್ಣ ಕರೆಂಟು ಬಿಟ್ಟು ನೋಡುತ್ತೇವೆ, ಎಲ್ಲಿ ಜುಮ್ ಎನ್ನುತ್ತದೋ ಹೇಳಬೇಕು, ಆ ಜಾಗದಲ್ಲೇ ಸೂಜಿಯಿದೆ ಎಂದು ನಮಗೆ ಗೊತ್ತಾಗುತ್ತದೆ. ಇದಕ್ಕಿಂತ ಸರಳ ಯಾವುದಿದೆ? ನಾನೂ ಪೂರ್ತಿ ಕರೆಂಟು ಕೊಡುವ ಮೊದಲು ಟೆಸ್ಟ್ ಲ್ಯಾಂಪು ಹಚ್ಚಿಯೇ ನೋಡುವವನು ಎಂದು ಆಗಲೇ ಅವರಿಗೆ ಹೇಳಿದ್ದೆ.

‘ಈಗ ಬಿಡ್ತೀನಿ. ಎಲ್ಲಿ ಗೊತ್ತಾಗ್ತದ?’

ಹೊಡೆಯಿತು. ತುಟಿಗಲ್ಲ, ಗದ್ದಕ್ಕಲ್ಲ, ಕಣ್ಣಿನ ಹತ್ತಿರ, ಹುಬ್ಬಿನ ಕೆಳಗೆ. ಬಾಯಿ ತಾನಾಗಿಯೇ ತೆರೆದು ಹೇಳಿತು, ‘ಏನೂ ಇಲ್ಲ.’

‘ಸ್ವಲ್ಪ ಏರಿಸ್ತೀನಿ. ಈಗ?’

‘ಏನೂ ಇಲ್ರಿ.’

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸುತ್ತ ನಾಲ್ಕು ಮಂದಿ ನಿಂತಿದ್ದರು, ಕರೆಂಟು ಹೊಡೆಯಿತು, ಮೂವತ್ತೈದು ವರ್ಷದ ರೂಢಿ ಮುಂದೆ ಬಂದು ನಿಂತಿತು. ಮೂರನೇ ಸಲ ಏರಿಸಿದಾಗಲೂ ಅದನ್ನೇ ಅಂದೆ. ಡಾಕ್ಟರು ನನ್ನ ಮುಖದ ಹತ್ತಿರ ಬಗ್ಗಿದರು.

‘ಕಾಲ್ಬೆರಳ ಯಾಕ ಮಡಚೀರಿ?’

ಬೆರಳು ಬಿಡಿಸಿಕೊಂಡೆ.

‘ಒಂದ್ ಕೇಳ್ತೀನಿ. ಕರೆಂಟ್ ಇದ್ರೂ ನಿಮ್ಮ ಟೆಸ್ಟ್ ಲ್ಯಾಂಪು ಹತ್ಲಿಲ್ಲಂದ್ರ ಅದಕ್ಕೇನ್ ಮಾಡ್ತೀರಿ?’

‘ಒಗೀತೀನ್ರಿ.’

‘ಇಲ್ಲಿ ನನಗ ಬ್ಯಾರೆ ಲ್ಯಾಂಪಿಲ್ಲ. ನೀವೇ ಲ್ಯಾಂಪು. ನೀವ್ ಹತ್ಲಿಲ್ಲಂದ್ರ ನಾ ಕತ್ತಲದಾಗ ಸುಡಬೇಕಾಗ್ತದ, ಇಲ್ಲ ಸೂಜಿ ತಕ್ಕೊಂಡು ಮನಿಗಿ ಕಳಸಬೇಕಾಗ್ತದ. ಹೇಳ್ರಿ, ಎಲ್ಲಿ?’

ನಾಚಿಕೆಯಾಯಿತು. ಸಿಟ್ಟೂ ಬಂತು, ಅವರ ಮೇಲಲ್ಲ. ನನ್ನ ಕಣ್ಣನ್ನು ನಾನೇ ಸುಡಿಸಿಕೊಳ್ಳುವವನಿದ್ದೆನಲ್ಲ, ನಾಲ್ಕು ಜನರ ಎದುರು ಗಂಡಸಾಗಿ ಕಾಣಲು!

‘ಕಣ್ಣಾಗ್ರಿ, ಮೇಡಂ. ಮೊದಲ್ನೇ ಸಲದಿಂದನೂ ಕಣ್ಣಾಗೇ ಹೊಡ್ಯಾಕತ್ತದ. ಜೋರ್ ಹೊಡ್ಯಾಕತ್ತದ.’

‘ಹಾಂ, ಈಗ ಹತ್ತಿತು ನೋಡ್ರಿ’ ಎಂದು ಅವರು ಸೂಜಿ ಸರಿಸಿದರು. ಅಲ್ಲಿಂದ ಮುಂದೆ ನಾನು ಒಂದನ್ನೂ ಬಿಡಲಿಲ್ಲ. ಮೂಗಿನ ಬದಿ ಎಂದೆ, ಮೇಲಿನ ಒಸಡು ಎಂದೆ, ಆಮೇಲೆ ಕೆಳತುಟಿ, ಕೆಳತುಟಿ ಮತ್ತು ಗದ್ದ, ಇದೇ ಜಾಗ, ಹಾಳಾದ ಜಾಗ ಇದೇ, ಎಂದು ಚೀರಿದೆ. ದವಡೆ ಅದುರುವುದನ್ನೂ ನೋಡಿಕೊಂಡರು. ಮತ್ತೆ ಮಂಪರು ಕೊಟ್ಟು ಸುಟ್ಟರು, ಎಬ್ಬಿಸಿ ಗದ್ದದ ಮೇಲೆ ಪಿನ್ನಿನಿಂದ ಚುಚ್ಚಿ ಕೇಳಿದರು. ಚುಚ್ಚುವುದು ಮೊಂಡಾಗಿ ಗೊತ್ತಾಗುತ್ತದೆ, ನೋಯುವುದಿಲ್ಲ ಎಂದೆ. ಇನ್ನೊಮ್ಮೆ ಸುಟ್ಟರು. ಕಣ್ಣಿಗೆ ಹತ್ತಿಯ ಎಳೆ ತಾಗಿಸಿದಾಗ ಕಣ್ಣು ಪಟಕ್ಕನೆ ಮುಚ್ಚಿತು. ಡಾಕ್ಟರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ನೋವು ಹೋಯಿತು. ಅದರ ಬದಲಿಗೆ ಬಂದದ್ದೂ ಹಗುರವಾದುದಲ್ಲ. ಮನೆಗೆ ಬಂದ ಮೂರನೆಯ ದಿನ ರೊಟ್ಟಿ ತಿನ್ನುತ್ತ ನನ್ನ ಗಲ್ಲವನ್ನೇ ಅಗಿದಿದ್ದೆ. ನನಗೆ ತಿಳಿಯಲಿಲ್ಲ. ತಾಟಿನಲ್ಲಿ ರಕ್ತ ಕಂಡು ಹೆಂಡತಿಯೇ ಕೈ ಹಿಡಿದಳು. ಬಲಗಡೆ ಉಳಿದ ಅನ್ನ ಸಂಜೆಯ ತನಕ ಹಾಗೇ ಇರುತ್ತಿತ್ತು. ಚಹಾ ಬಾಯಿಯ ಮೂಲೆಯಿಂದ ಇಳಿದು ಅಂಗಿ ತೊಯ್ದ ಮೇಲೆ ಗೊತ್ತಾಗುತ್ತಿತ್ತು. ಊಟವಾದ ಮೇಲೆ ಕನ್ನಡಿ ನೋಡಬೇಕು, ಬಾಯಿ ಮುಕ್ಕಳಿಸಬೇಕು ಎಂದು ಡಾಕ್ಟರ ಕಟ್ಟಪ್ಪಣೆ. ಊರಲ್ಲಿ ಕೆಲವರು ನನ್ನ ಬಾಯಿ ಸೊಟ್ಟಗಾಗಿದೆ ಎಂದು ನೋಡಲು ಬಂದರು. ಅಂಗಡಿಯ ಮುಂದೆ ನಿಂತು ಸೀಟಿ ಹೊಡೆದು ತೋರಿಸಿದೆ. ಸೀಟಿ ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಆದರೆ ಬಾಯಿ ಸೊಟ್ಟಗಿಲ್ಲ ಎಂಬುದು ಅವರಿಗೆ ತಿಳಿಯಿತು.

ಗುಳಿಗೆಗಳನ್ನು ಡಾಕ್ಟರು ಒಮ್ಮೆಲೇ ಬಿಡಿಸಲಿಲ್ಲ, ವಾರಕ್ಕಿಷ್ಟೆಂದು ಇಳಿಸಿದರು. ನೆಲ ಓಡುವುದು ನಿಂತಿತು. ತೂಕಡಿಕೆ ಹೋಯಿತು. ಕಡೆಯ ಗುಳಿಗೆ ಬಿಟ್ಟು ಹತ್ತು ದಿನವಾದ ಮೇಲೆ, ಯಾರಿಗೂ ಹೇಳದೆ ಒಂದು ಏಳೂವರೆ ಹಾರ್ಸ್‌ಪವರಿನ ಮೋಟಾರನ್ನು ಕಟ್ಟೆಗೆ ಏರಿಸಿದೆ. ಚಿಕ್ಕದರಿಂದ ಶುರು ಮಾಡಬಹುದಿತ್ತು. ಮಾಡಲಿಲ್ಲ. ಬರುವುದಿದ್ದರೆ ಪೂರ್ತಿ ಬರಲಿ, ಬಾರದಿದ್ದರೆ ಅದೂ ಇವತ್ತೇ ತಿಳಿಯಲಿ.

ಹೆಂಡತಿ ಆ ಬದಿಗೆ ಕೂತಳು. ನಾನು ತೂರಿಸಿದೆ, ಅವಳು ಎಳೆದಳು. ಮೊದಲನೆಯ ಸೀಳು, ಎರಡನೆಯದು. ಮಧ್ಯದಲ್ಲಿ ಅವಳ ತಮ್ಮ ಕೋಟನೂರದಿಂದ ಬಂದು ಬಾಗಿಲಲ್ಲಿ ನಿಂತು, ‘ಮಾಮಾ, ಹ್ಯಾಂಗದ ಆರೋಗ್ಯ?’ ಎಂದ. ಕೈಸನ್ನೆ ಮಾಡಿ ಕೂರಿಸಿದೆ. ಕೂತ. ಗದ್ದದ ಮೇಲೆ ಏನೋ ಇಳಿಯುತ್ತಿದೆಯೆಂದು ಅವನ ಕಣ್ಣಿನಿಂದಲೇ ತಿಳಿಯಿತು. ಒರೆಸಿಕೊಳ್ಳಲು ಕೈ ತೆಗೆದರೆ ಎಣಿಕೆ ತಪ್ಪುತ್ತದೆ. ಇಳಿಯಲಿ ಎಂದು ಬಿಟ್ಟೆ.

ಎರಡು ದಿನ ಹಿಡಿಯಿತು. ಕಡೆಯ ಸೀಳು ತುಂಬಿದಾಗ ತಂತಿ ಕತ್ತರಿಸುವ ಮೊದಲು ಹೆಂಡತಿಯನ್ನು ಕೇಳಿದೆ, ‘ಎಷ್ಟಾತು?’

‘ಮೂವತ್ತಾರು’ ಎಂದಳು. ನನ್ನ ಎಣಿಕೆಯೂ ಮೂವತ್ತಾರೇ.

‘ಯಾವಾಗಿಂದ ಎಣಸಾಕತ್ತೀದಿ?’

‘ಮದುವಿ ಆದ ವರ್ಷದಿಂದ.’

‘ಆ ಬಾಳಿ ತೋಟದ ಮೋಟಾರಿಂದೂ?’

‘ಅದೂನು. ನೀವ್ ಎಳಿ ಅಂದ್ರಿ, ಎಳದೀನಿ.’

ಆವತ್ತಿನಿಂದ ನಮ್ಮ ಅಂಗಡಿಯಲ್ಲಿ ಎಣಿಕೆ ಜೋರಾಗಿಯೇ ನಡೆಯುತ್ತದೆ, ಇಬ್ಬರ ದನಿಯಲ್ಲಿ.

ಮೋಟಾರನ್ನು ನೀರಿನ ತೊಟ್ಟಿಗಿಳಿಸಿ ಕರೆಂಟು ಕೊಟ್ಟೆ. ಮೂರೂ ಫೇಸಿನಲ್ಲಿ ಆಂಪಿಯರ್ ಸಮ ನಿಂತಿತು. ಅರ್ಧ ತಾಸು ಓಡಿಸಿ ಮುಟ್ಟಿ ನೋಡಿದೆ, ಕಾದಿರಲಿಲ್ಲ. ಅದು ಈಗಲೂ ಓಡುತ್ತಿದೆ.

ಮೊನ್ನೆ ತೋರಿಸಲು ಹೋದಾಗ ಡಾಕ್ಟರು ಪಿನ್ನಿನಿಂದ ಗಲ್ಲದ ಗಡಿ ಗುರುತಿಸಿದರು. ಮರಗಟ್ಟಿದ್ದು ಹಾಗೆಯೇ ಇದೆ, ಗಡಿ ಮಾತ್ರ ಒಂದು ಬೆರಳಿನಷ್ಟು ಹಿಂದೆ ಸರಿದಿದೆ. ‘ಅಲ್ಲಿ ಸ್ಪರ್ಶ ತಿರುಗಿ ಬರಾಕತ್ತದ. ಅದರ ಸಂಗಟ ನೋವೂ ಬಂದ್ರ ಬರಬಹುದು, ಹೇಳಿರ್ತೀನಿ’ ಎಂದರು. ಬರಲಿ. ಈಗ ಬಂದರೆ ಹಲ್ಲು ಕೀಳಿಸುತ್ತ ತಿರುಗುವುದಿಲ್ಲ, ಟವೆಲ್ ಸುತ್ತಿಕೊಂಡು ಅಡಗುವುದಿಲ್ಲ. ಮೊದಲನೆಯ ಹೊಡೆತಕ್ಕೇ ಹೆಂಡತಿಗೆ ಹೇಳಿ, ಕಮಲಾಪುರದಿಂದ ಮುಂಜಾನೆಯ ಮೊದಲ ಬಸ್ಸು ಹತ್ತುತ್ತೇನೆ. ಇನ್ನೊಂದಿಷ್ಟು ಗಲ್ಲ ಬೇಕೆಂದರೆ ಅದನ್ನೂ ಕೊಡುತ್ತೇನೆ. ಕಟ್ಟೆಯ ಮೇಲೆ ಇವತ್ತು ಎರಡು ಮೋಟಾರುಗಳಿವೆ, ಒಂದಕ್ಕೆ ಅರ್ಧ ತಂತಿ ತುಂಬಿದೆ, ಹೆಂಡತಿ ಆ ಬದಿಯಿಂದ ಕೂಗುತ್ತಿದ್ದಾಳೆ.